ಚಾಪೆಲ್ ಉಳಿಸಿದವರಿಗೆ ಒಬ್ಬ ಮಾಸ್ತರನ ನಮಸ್ಕಾರ

ಹೋದ ತಿಂಗಳು ನಾನು ನಿವೃತ್ತಿಯಾದೆ. ಯಲ್ಲಾಪುರ ಕಡೆಯ ಹಳ್ಳಿ ಶಾಲೆಯ ಮಾಸ್ತರು ನಾನು. ಬೀಳ್ಕೊಡುಗೆಯ ದಿನ ಎಲ್ಲರನ್ನೂ ನೆನೆದೆ, ಕಾರವಾರದವರು ಮಾತ್ರ ಬಿಟ್ಟುಹೋದರು. ಆ ಬಾಕಿ ಈಗ ತೀರಿಸುತ್ತಿದ್ದೇನೆ.

ಕೊರೊನಾ ವರ್ಷಗಳನ್ನು ಬಿಟ್ಟರೆ, 2007ರಿಂದ ಪ್ರತಿ ವರ್ಷ ಮಕ್ಕಳನ್ನು ಕಾರವಾರದ ಟ್ಯಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂಗೆ ಕರೆದೊಯ್ದಿದ್ದೇನೆ. ಹೆಸರು ಐಎನ್‌ಎಸ್ ಚಪಲ್, ನಮ್ಮ ಜಿಲ್ಲೆಯವರ ಬಾಯಲ್ಲಿ ಚಾಪೆಲ್. ಅರಬೈಲ್ ಘಾಟಿನಲ್ಲಿ ಅರ್ಧ ಮಕ್ಕಳು ವಾಂತಿ ಮಾಡಿ ಸುಸ್ತಾಗಿರುತ್ತಿದ್ದರು. ದಡದ ಮೇಲೆ ನಿಂತ ಹಡಗು ಕಂಡದ್ದೇ ತಡ, ಎಲ್ಲಿರುತ್ತಿತ್ತೋ ಶಕ್ತಿ!

ಮೊದಲ ನಮಸ್ಕಾರ ನೌಕಾಪಡೆಗೆ, ಜಿಲ್ಲಾಡಳಿತಕ್ಕೆ. 1976ರಲ್ಲಿ ಸೇವೆಗೆ ಬಂದ ಈ ರಷ್ಯಾದ ಹಡಗು 2005ರ ಮೇನಲ್ಲಿ ನಿವೃತ್ತಿಯಾಯಿತು. ಗುಜರಿಗೆ ಹಾಕಿದ್ದರೆ ಕೇಳುವವರು ಯಾರಿದ್ದರು? ಹಳೆಯ ವಿಕ್ರಾಂತ್‌ನಂಥ ದೊಡ್ಡ ಹಡಗು ಮುಂಬೈಯಲ್ಲಿ ವರ್ಷಗಟ್ಟಲೆ ಮ್ಯೂಸಿಯಂ ಆಗಿದ್ದೂ 2014ರಲ್ಲಿ ಗುಜರಿ ಸೇರಿತಲ್ವಾ? ಚಾಪೆಲ್ 2006ರ ನವೆಂಬರಿನಲ್ಲಿ ಜನರಿಗೆ ಬಾಗಿಲು ತೆರೆಯಿತು.

ಇನ್ನೊಂದು ನಮಸ್ಕಾರ, ಹೆಸರು ಕೇಳಲು ಮರೆತ ಒಬ್ಬ ಮಾಜಿ ನಾವಿಕರಿಗೆ. '1971ರಲ್ಲಿ ಕರಾಚಿಗೆ ಬೆಂಕಿ ಇಟ್ಟ ಹಡಗು ಇದೇ' ಅಂತ ನಾನು ಜೋರಾಗಿ ಹೇಳುತ್ತಿದ್ದೆ. ಯಾರೋ ಹೇಳಿದ್ದು, ಸುಮ್ನೆ ನಂಬಿದ್ದೆ. ಆ ಹಿರಿಯರು ನನ್ನ ಪಾಠ ಮುಗಿಯುವವರೆಗೂ ಕಾದರು. ಆಮೇಲೆ ಬದಿಗೆ ಕರೆದು, 'ಮಾಸ್ತರೇ, ಆಗ ಇದಿನ್ನೂ ನಮ್ಮ ನೌಕಾಪಡೆಗೆ ಬಂದಿರಲೇ ಇಲ್ಲ' ಅಂದರು. ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಎರಗಿದ್ದು ನಿಪಾತ್, ನಿರ್ಘಾತ್, ವೀರ್. ಒಂದೇ ವಂಶ, ಆದರೆ ಚಾಪೆಲ್‌ಗೆ ಅವು ಅಣ್ಣಂದಿರು. ಮಕ್ಕಳ ಎದುರು ನನ್ನ ಮಾನ ಉಳಿಸಿದ್ದಲ್ಲದೆ, ಅರ್ಧ ತಾಸು ಅವರೇ ಪಾಠ ಮಾಡಿದರು. ಹಡಗಿನ ಉದ್ದ 38 ಮೀಟರ್ ಚಿಲ್ಲರೆ, ಅಷ್ಟೇ. ಆದರೂ ಎರಡೂ ಬದಿಗೆ ಎರಡೆರಡರಂತೆ ನಾಲ್ಕು ಕ್ಷಿಪಣಿ. ತನಗಿಂತ ಎಷ್ಟೋ ಪಾಲು ದೊಡ್ಡ ಹಡಗನ್ನು ಒಂದೇ ಏಟಿಗೆ ಮುಳುಗಿಸಬಲ್ಲದು ಅಂದಾಗ, ತರಗತಿಯ ಅತಿ ಕುಳ್ಳ ಹುಡುಗ ಎದೆ ಉಬ್ಬಿಸಿ ನಿಂತಿದ್ದ.

ಮರುದಿನ ಶಾಲೆಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. ಹಳೆಯ ಬ್ಯಾಚಿನ ಮಕ್ಕಳೇ, ಇದನ್ನು ಓದುತ್ತಿದ್ದರೆ ನೀವೂ ತಿದ್ದಿಕೊಳ್ಳಿ.

ತುಕ್ಕು ಕೆರೆದು ಬಣ್ಣ ಬಳಿಯುವವರಿಗೆ ಎಷ್ಟು ಹೇಳಿದರೂ ಕಡಿಮೆ. ಕಡಲ ಉಪ್ಪುಗಾಳಿಗೆ ಮನೆ ಮುಂದಿನ ಸೈಕಲ್ಲೇ ಉಳಿಯುವುದಿಲ್ಲ, ಇದು ಇಡೀ ಕಬ್ಬಿಣದ ಹಡಗು. ಟಿಕೆಟ್ ಕೊಡುತ್ತಾ, ನನ್ನ ಮಕ್ಕಳ ಗಲಾಟೆ ಸಹಿಸಿಕೊಂಡವರಿಗೂ ಕೈಮುಗಿಯುತ್ತೇನೆ.

ಈ ಸಲದ ಪ್ರವಾಸಕ್ಕೆ ನಮ್ಮ ಹೊಸ ಅಕ್ಕೋರು ಹೊರಡುತ್ತಾರೆ. ಅಕ್ಕೋರೇ, ಒಳಗಿನ ಬಾಗಿಲುಗಳು ಗಿಡ್ಡ. 'ತಲೆ ಬಗ್ಗಿಸಿ' ಅಂತ ಮಕ್ಕಳಿಗೆ ಕೂಗುವ ಭರದಲ್ಲಿ ನಾನು ಮೂರು ಸಲ ಹಣೆ ಬಡಿಸಿಕೊಂಡಿದ್ದೇನೆ.