ಮಗಳಿಗೊಂದು ಪತ್ರ: ಅಟ್ಟದ ಮೇಲಿದ್ದ ಗಿಟಾರ್

ಪುಟ್ಟಿ,

ಭಾನುವಾರ ನಿನ್ನ ಹಳೇ ಗಿಟಾರನ್ನು ನನ್ನ ಕೈಲಿ ನೋಡಿ ನೀನು ಊಟ ಮಾಡದೆ ಹೋದೆ. ಅಮ್ಮ ಹಿತಕಿದ ಅವರೆಕಾಳಿನ ಸಾರು ಮಾಡಿಟ್ಟಿದ್ದಳು. ಸೋಮವಾರ, ಮಂಗಳವಾರ ಎರಡೂ ದಿನ ನಾನು ಅದನ್ನೇ ತಿಂದೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನನಗೆ ಸರಿಯಾಗಿ ಮಾತಾಡೋಕೆ ಬರಲ್ಲ, ಅದು ನಿನಗೂ ಗೊತ್ತು. ಗುರುವಾರ ರಾತ್ರಿ ನಿನ್ನ ಫ್ಲೈಟು. ಅದಕ್ಕೇ ಬರೆಯುತ್ತಿದ್ದೇನೆ. 34 ವರ್ಷ ಪೀಣ್ಯದಲ್ಲಿ ಲೇತ್ ಮುಂದೆ ನಿಂತವನು ನಾನು. ಜಾಬ್ ಕಾರ್ಡ್ ಬಿಟ್ಟು ಬೇರೇನೂ ಬರೆದವನಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

"ಇದನ್ನೂ ನೀನೇ ಇಟ್ಕೊಂಡ್ಯಾ ಅಪ್ಪ?" ಅಂದೆಯಲ್ಲ. ಆ "ಇದನ್ನೂ" ಅನ್ನೋದು ನನಗೆ ಅರ್ಥವಾಯಿತು. ಮಿಕ್ಕಿದ್ದು ಯಾವುದು ಅಂತ ಇಬ್ಬರಿಗೂ ಗೊತ್ತು, ಇಲ್ಲಿ ಪಟ್ಟಿ ಮಾಡುವುದಿಲ್ಲ. ಗಿಟಾರ್ ವಿಷಯ ಮಾತ್ರ ಹೇಳುತ್ತೇನೆ.

ದಸರಾಕ್ಕೆ ಮುಂಚೆ ಬೊಂಬೆ ಪೆಟ್ಟಿಗೆ ಇಳಿಸೋಕೆ ಅಂತ ಬಚ್ಚಲಮನೆ ಮೇಲಿನ ಅಟ್ಟ ಹತ್ತಿದ್ದೆ. ಹಿಂದುಗಡೆ ನಿನ್ನ ಗಿಟಾರ್ ಚೀಲ ಇತ್ತು. ನಿಜ ಹೇಳಬೇಕೆಂದರೆ ನಾನು ಅದನ್ನು ಮರೆತಿರಲಿಲ್ಲ. ಪ್ರತಿ ವರ್ಷ ಬೊಂಬೆ ಇಳಿಸುವಾಗಲೂ ಕೈ ತಾಗುತ್ತಿತ್ತು. ಸರಿಸಿ ಪೆಟ್ಟಿಗೆ ಎಳೆದುಕೊಳ್ಳುತ್ತಿದ್ದೆ. ಈ ಸಲ ಯಾಕೋ ಕೆಳಗಿಳಿಸಿ ಜಿಪ್ ತೆಗೆದೆ. ತಂತಿಗೆಲ್ಲ ತುಕ್ಕು. ಕತ್ತು ಬಿಲ್ಲಿನ ಹಾಗೆ ಬಾಗಿತ್ತು. ವರ್ನಿಯರ್ ತಂದು 12ನೇ ಫ್ರೆಟ್ಟಿನ, ಅಂದರೆ ಕತ್ತಿನ ಮೇಲಿನ 12ನೇ ಲೋಹದ ಪಟ್ಟಿಯ, ಹತ್ತಿರ ಅಳೆದೆ. ತಂತಿಗೂ ಫ್ರೆಟ್ಟಿಗೂ ನಡುವೆ 5 ಮಿಲಿಮೀಟರ್. ಸರಿಯಾದ ಗಿಟಾರಿನಲ್ಲಿ ಎರಡು, ಎರಡೂವರೆ ಇರಬೇಕಂತೆ.

ನಿನಗೆ ನೆನಪಿದೆಯೋ ಇಲ್ಲವೋ. 2013ರ ನವೆಂಬರ್. ನಾನು ಸ್ಟೂಲ್ ಮೇಲೆ ನಿಂತಿದ್ದೆ, ನೀನು ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡಿದ್ದೆ. ಅಪ್ಪನ ಮೇಲೆ ಅಷ್ಟು ಸಿಟ್ಟಿದ್ದರೂ ಅಪ್ಪ ಬೀಳಬಾರದು ಅಂತ. ಗಿಟಾರನ್ನು ಒಳಗೆ ತಳ್ಳುವಾಗ ನೀನು ಒಂದೇ ಮಾತು ಹೇಳಿದೆ: "ತಂತಿಯನ್ನಾದ್ರೂ ಸಡಿಲ ಮಾಡಿ ಇಡಪ್ಪ." ನಾನು "ಮೊದಲು ಓದು" ಅಂದೆ. ಆ ಮಾತು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ, ಅದು ಸುಳ್ಳು. ಗಿಟಾರ್ ಮತ್ತೆ ನಿನ್ನ ಕೈಗೆ ಬಂದರೆ ಸಡಿಲ ಮಾಡೋ ನೆಪದಲ್ಲಿ ಇನ್ನೊಂದು ಗಂಟೆ ಕೂರುತ್ತೀಯ ಅಂದುಕೊಂಡೆ. ಎರಡನೇ ಪಿಯುಸಿ, ಮುಂದೆ ಸಿಇಟಿ, ನನ್ನ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ನಿಂತಿತ್ತು. ಇವೆಲ್ಲ ಕಾರಣಗಳೇ. ಆದರೆ ತಂತಿ ಬಿಗಿಸುವ ಆರು ಕಿವಿ ತಿರುಗಿಸೋಕೆ ಎರಡು ನಿಮಿಷ ಸಾಕು ಪುಟ್ಟಿ. ಎರಡು ನಿಮಿಷ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಟೂಲ್ ರೂಮಿಗೆ ಹೊಸ ಹುಡುಗ ಬಂದರೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು. ಮೈಕ್ರೋಮೀಟರನ್ನು ಡಬ್ಬದಲ್ಲಿ ಇಡುವಾಗ ಎರಡು ಮುಖ ತಾಗಿಸಿ ಬಿಗಿ ಮಾಡಿ ಇಡಬಾರದು, ನಡುವೆ ಸ್ವಲ್ಪ ಜಾಗ ಬಿಡಬೇಕು. ಬಿಗಿಯಾಗಿಟ್ಟರೆ ಅಳತೆ ಕೆಡುತ್ತೆ. ಇದಕ್ಕಾಗಿ ಹುಡುಗರನ್ನು ಬೈದಿದ್ದೇನೆ. ಒಬ್ಬನನ್ನು ಅಳಿಸಿದ್ದೇನೆ. ಅಂಥವನು ಸ್ಟೀಲ್ ತಂತಿ ಬಿಗಿದಿದ್ದ ಗಿಟಾರನ್ನು ಹಾಗೇ ಇಟ್ಟುಬಿಟ್ಟೆ. ಆರು ತಂತಿ ಸೇರಿ ಸುಮಾರು 70 ಕಿಲೋ ಎಳೆತವಂತೆ. ಕೆಳಗೆ ಬೆಳಗ್ಗೆ ಐದಕ್ಕೇ ಗೀಸರ್ ಹಾಕಿ ಸ್ನಾನ, ಮೇಲೆ ಹಬೆ. ಒಬ್ಬ ಆಳು ಆ ಕತ್ತಿಗೆ 12 ವರ್ಷ ಜೋತುಬಿದ್ದ ಹಾಗೆ.

ಸಿಇಟಿ ಮುಗಿದ ದಿನ ನೀನು ಕೇಳುತ್ತೀಯ ಅಂತ ಕಾದಿದ್ದೆ. ಸ್ಟೂಲ್ ಕೂಡ ಹೊರಗೆ ತೆಗೆದಿಟ್ಟಿದ್ದೆ. ನೀನು ಕೇಳಲಿಲ್ಲ. ಕೇಳಿದರೆ ಕೊಡೋಣ ಅಂತ ನಾನು. ಕೊಟ್ಟರೆ ನೋಡೋಣ ಅಂತ ನೀನಿದ್ದೆಯೋ ಏನೋ. ಆಮೇಲೆ ನಿನಗೆ ಅದರ ಮೇಲಿನ ಆಸೆಯೇ ಹೋಯಿತು ಅಂದುಕೊಂಡು ಸಮಾಧಾನ ಮಾಡಿಕೊಂಡೆ. ಅಜ್ಜಿ ಕೊಟ್ಟ 4,200 ರೂಪಾಯಿಯಲ್ಲಿ ನೀನೇ ಹೋಗಿ ಆರಿಸಿ ತಂದಿದ್ದ ಗಿಟಾರ್ ಅದು.

ರಿಪೇರಿಗೆ ಕೊಟ್ಟೆ. ಅವನು ಕತ್ತಿನೊಳಗೆ ಬಾಗು ಸರಿಮಾಡೋಕೆ ಇರುವ ಟ್ರಸ್ ರಾಡನ್ನು ತಿರುಗಿಸುವಷ್ಟೂ ತಿರುಗಿಸಿ ಕೈಚೆಲ್ಲಿದ. "ಸಾರ್, ಇದನ್ನ ಬೆರಳಲ್ಲಿ ಒತ್ತಿ ನುಡಿಸೋಕಾಗಲ್ಲ. ಬೇಕಾದ್ರೆ ಸ್ಲೈಡ್ ಹಾಕಿ ನುಡಿಸಬಹುದು, ಅದಕ್ಕೆ ತಂತಿ ಎತ್ತರ ಇದ್ರೇನೇ ಒಳ್ಳೇದು" ಅಂದ. ನನಗೆ ಸ್ಲೈಡ್ ಅಂದರೆ ಲೇತಿನ ಕ್ರಾಸ್ ಸ್ಲೈಡ್ ಮಾತ್ರ ಗೊತ್ತು. ಅವನು ಒಂದು ಗಾಜಿನ ಕೊಳವೆಯನ್ನು ಬೆರಳಿಗೆ ಹಾಕಿ ತಂತಿ ಮೇಲೆ ಜಾರಿಸಿ ತೋರಿಸಿದ. ಅದೇ ಬಾಗಿದ ಗಿಟಾರು, ಯಾರೋ ದೂರದಲ್ಲಿ ಹಾಡಿದ ಹಾಗೆ ಕೇಳಿತು. ನಾನು ಅಂಗಡಿಯಲ್ಲೇ ಕುಳಿತುಬಿಟ್ಟೆ.

ಹೀಗೆ ಶುರುವಾಯಿತು. ನಿನ್ನದನ್ನು ನನ್ನದು ಮಾಡಿಕೊಳ್ಳೋಕೆ ಅಲ್ಲ. ಕೆಟ್ಟುಹೋಗಿರೋ ಗಿಟಾರಿನಿಂದ ಏನು ಬರುತ್ತೆ ನೋಡೋಣ ಅಂತ. ಸರಿ, ಅಷ್ಟೇ ಅಲ್ಲ, ಆಸೆಯೂ ಆಯಿತು. ಅದನ್ನೂ ಹೇಳಿಬಿಡುತ್ತೇನೆ. ನಿನ್ನನ್ನು ಕೇಳಬೇಕಿತ್ತು. ಕೇಳಿದರೆ ಅಟ್ಟದ ಮಾತು ಬರುತ್ತೆ ಅಂತ ಹೆದರಿ ಕೇಳಲಿಲ್ಲ.

ನನ್ನ ಎಡಗೈ ಬೆರಳುಗಳು ನಿನಗೆ ಗೊತ್ತಲ್ಲ. ಬೆಳಗಿನ ಹೊತ್ತು ಮುಷ್ಟಿ ಕಟ್ಟೋಕೂ ಆಗಲ್ಲ. ಸ್ಲೈಡಿಗೆ ಬೆರಳು ಮಡಿಸುವ ಕೆಲಸ ಕಡಿಮೆ. ಅಮೆರಿಕದಲ್ಲಿ ಸೀಡೆಲ್ ಡೇವಿಸ್ ಅಂತ ಒಬ್ಬರಿದ್ದರು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕೈ ಸ್ವಾಧೀನ ತಪ್ಪಿದ್ದರೂ ಬೆಣ್ಣೆ ಸವರುವ ಚಾಕು ಹಿಡಿದು ಜೀವಮಾನವೆಲ್ಲ ಬ್ಲೂಸ್ ಸಂಗೀತ ನುಡಿಸಿದರು. ಅವರದು ಕೇಳಿದ ಮೇಲೆ ನನಗೂ ಧೈರ್ಯ ಬಂತು.

ಸ್ಲೈಡನ್ನು ನಾನೇ ಮಾಡಿದೆ. ಎಸ್.ಪಿ. ರೋಡಿನಲ್ಲಿ ಹಿತ್ತಾಳೆ ರಾಡ್ ತಂದು, ಪೀಣ್ಯದಲ್ಲಿ ಹಳೇ ಸ್ನೇಹಿತನ ಶೆಡ್ಡಿನಲ್ಲಿ ಒಳಗೆ ತೂತು ಕೊರೆದು ಬೋರ್ ಮಾಡಿದೆ. ಉದ್ದ 60, ಒಳಗೆ 20, ಹೊರಗೆ 26 ಮಿಲಿಮೀಟರ್. 110 ಗ್ರಾಂ ತೂಗಿತು, ಕಿರುಬೆರಳು ಹತ್ತು ನಿಮಿಷಕ್ಕೇ ಸೋತಿತು. ಎರಡನೆಯದಕ್ಕೆ ಹೊರಗಿನದು 24ಕ್ಕೆ ಇಳಿಸಿದೆ, 70 ಗ್ರಾಂ. ಅಂಚು ಮುರಿದು, ಎಮರಿ ಪೇಪರಿನಲ್ಲಿ 1200ರ ತನಕ ಉಜ್ಜಿ ಹೊಳಪು ಕೊಟ್ಟೆ. ಸಣ್ಣ ಗೆರೆ ಉಳಿದರೂ ತಂತಿ ಮೇಲೆ ಕರ್ ಅನ್ನುತ್ತೆ. ನಿವೃತ್ತಿಯಾದ ಮೇಲೆ ಇಷ್ಟು ಖುಷಿಯಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಶ್ರುತಿ ಬದಲಾಯಿಸಿದ್ದಕ್ಕೆ ನಿನಗೆ ಸಿಟ್ಟು ಬಂತು. ಅದಕ್ಕೊಂದು ಕಾರಣವಿದೆ. ಓಪನ್ ಜಿ ಅಂತಾರಲ್ಲ, ಅದರಲ್ಲಿ ಮೂರು ತಂತಿಯನ್ನು ಇಳಿಸಬೇಕು, ಯಾವುದನ್ನೂ ಏರಿಸುವ ಹಾಗಿಲ್ಲ. ಬಾಗಿದ ಕತ್ತಿಗೆ ಅದೇ ವಾಸಿ. ದಪ್ಪ ತಂತಿಯಿಂದ ಎಣಿಸಿದರೆ ಪ ಸ ಪ ಸ ಗ ಪ. ಏನೂ ಮುಟ್ಟದೆ ಮೀಟಿದರೂ ತಂಬೂರಿ ಮುಂದೆ ಕೂತ ಹಾಗಿರುತ್ತೆ. 5ನೇ ಫ್ರೆಟ್ಟಿನ ಮೇಲೆ ಕೊಳವೆಯನ್ನು ನೇರವಾಗಿ ಇಟ್ಟರೆ ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, 7ರಲ್ಲಿ ಇನ್ನೊಂದು, 12ರಲ್ಲಿ ಮತ್ತೆ ಮೊದಲಿನದೇ, ಮೇಲಿನ ಸ್ಥಾಯಿಯಲ್ಲಿ.

ಮೊದಲ ತಿಂಗಳು ಬಂದದ್ದು ಸಂಗೀತ ಅಲ್ಲ. ಎಣ್ಣೆಯಿಲ್ಲದ ಬೇರಿಂಗಿನ ಸದ್ದು. ನಾನು ಒತ್ತುತ್ತಿದ್ದೆ. ಒತ್ತಿದರೆ ತಂತಿ ಫ್ರೆಟ್ಟಿಗೆ ಬಡಿದು ಟಕ್ ಅನ್ನುತ್ತೆ. ಕೊಳವೆ ತಂತಿಯನ್ನು ಮುಟ್ಟಿರಬೇಕು, ಅಷ್ಟೇ. ಇನ್ನೊಂದು ತಪ್ಪು, ಫ್ರೆಟ್ಟಿನ ಹಿಂದೆ ಇಡುತ್ತಿದ್ದೆ, ನೀನು ಬೆರಳಿಡುತ್ತಿದ್ದ ಹಾಗೆ. ಸ್ಲೈಡ್ ಆ ಲೋಹದ ಪಟ್ಟಿಯ ತಲೆ ಮೇಲೇ ಇರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಸರಿಯಿದೆ ಅನ್ನಿಸುತ್ತೆ, ಕಣ್ಣು ಮೋಸ ಮಾಡುತ್ತೆ. 12ನೇ ಫ್ರೆಟ್ಟಿನ ಹತ್ತಿರ ಎರಡು ಪಟ್ಟಿಗಳ ನಡುವೆ ಎರಡು ಸೆಂಟಿಮೀಟರ್ ಕೂಡ ಇಲ್ಲ, 2 ಮಿಲಿಮೀಟರ್ ತಪ್ಪಿದರೆ ಅಪಸ್ವರ. ನೂರರಲ್ಲಿ ಎರಡು ಪಾಲು ಮಿಲಿಮೀಟರ್ ಹಿಡಿದು ಕೆಲಸ ಮಾಡಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಇಲ್ಲಿ ಡಯಲ್ ಇಲ್ಲ. ಕಿವಿ ಒಂದೇ. ಆ ಕಿವಿ ನನಗೆ ಇನ್ನೂ ಬಂದಿಲ್ಲ.

ಕೊಳವೆಯ ಹಿಂದೆ ತೋರುಬೆರಳು, ನಡುಬೆರಳನ್ನು ತಂತಿ ಮೇಲೆ ಸುಮ್ನೆ ಮಲಗಿಸಬೇಕು, ಇಲ್ಲದಿದ್ದರೆ ಹಿಂದಿನ ಭಾಗವೂ ಗುಂಯ್‌ಗುಡುತ್ತೆ. ಬಲಗೈಯಲ್ಲಿ ಬೇಡದ ತಂತಿಗಳನ್ನು ಮುಚ್ಚಬೇಕು. ದಿನಾ ಇಪ್ಪತ್ತೇ ನಿಮಿಷ, ಒಂದೇ ತಂತಿ, ನಿಧಾನ. ನೋಡು, ನಿನಗೇ ಗಿಟಾರ್ ಪಾಠ ಹೇಳುತ್ತಿದ್ದೇನೆ. ಅಮ್ಮ ಪಕ್ಕದಲ್ಲಿದ್ದಿದ್ದರೆ ಪೆನ್ನು ಕಿತ್ತುಕೊಳ್ಳುತ್ತಿದ್ದಳು.

ಗಿಟಾರ್ ಅಟ್ಟಕ್ಕೆ ಹಾಕಿದ ಆ ಕಾಲದಲ್ಲಿ ನಾನು ಇನ್ನೊಂದು ಮಾತೂ ಆಡಿದ್ದೆ. "ಇದು ನಮ್ಮ ಸಂಗೀತ ಅಲ್ಲ" ಅಂತ. ಅದು ಶುದ್ಧ ದಡ್ಡತನ. ನಾನು ಹುಡುಗನಾಗಿದ್ದಾಗ ನಿನ್ನ ತಾತ ರಾಮನವಮಿ ಕಛೇರಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಒಬ್ಬ ವಿದ್ವಾಂಸರು ಗೋಟುವಾದ್ಯ ನುಡಿಸಿದರು. ಅದಕ್ಕೆ ಮೆಟ್ಟುಗಳೇ ಇರಲ್ಲ, ತಂತಿ ಮೇಲೆ ಮರದ ತುಂಡು ಜಾರಿಸುತ್ತಾರೆ. ನಾನು ಕಡಲೆಪುರಿ ತಿನ್ನೋದು ನಿಲ್ಲಿಸಿ ಕೇಳಿದ್ದೆ. ಇದೂ ಅದೇ ಜಾತಿ ತಾನೇ? ರಾಜಸ್ಥಾನದ ವಿಶ್ವಮೋಹನ ಭಟ್ಟರು ಗಿಟಾರನ್ನೇ ಮೋಹನವೀಣೆ ಮಾಡಿ, ಮಡಿಲಲ್ಲಿ ಮಲಗಿಸಿ ನುಡಿಸಿ, 1994ರಲ್ಲಿ ಗ್ರ್ಯಾಮಿ ತಗೊಂಡರು. ನಮ್ಮ ಬೆಂಗಳೂರಲ್ಲೇ ಪ್ರಕಾಶ್ ಸೊಂಟಕ್ಕೆಯವರು ಸ್ಲೈಡ್ ಗಿಟಾರಿನಲ್ಲಿ ಹಿಂದೂಸ್ತಾನಿ ನುಡಿಸುತ್ತಾರೆ. ಇವರೆಲ್ಲ ಇರುವಾಗ ನಾನು ಹದಿನೇಳು ವರ್ಷದ ಹುಡುಗಿಗೆ ನಮ್ಮದು, ಅವರದು ಅಂತ ಗೆರೆ ಎಳೆದುಕೊಟ್ಟೆ.

ಆ ಕಾಲದಲ್ಲಿ ನಿನ್ನ ಎಡಗೈ ಬೆರಳ ತುದಿಗಳು ಗಟ್ಟಿಯಾಗಿದ್ದವು. ಒಂದು ದಿನ ತಟ್ಟೆ ಕೊಡುವಾಗ ಕೈಗೆ ತಾಗಿತು. ಕೆಲಸ ಮಾಡಿದ ಕೈ ಅದು. ನನ್ನ ಮಗಳ ಕೈ ಅಂತ ಜಂಬ ಬಂತು. ಅದನ್ನು ನಿನಗೆ ಹೇಳಲಿಲ್ಲ. ಒಂದು ವಾರ ಕಳೆದು ಅಟ್ಟ ಹತ್ತಿದೆ. ಇದು ಹೇಗೆ ಸಾಧ್ಯ ಅಂತ ನನಗೂ ಗೊತ್ತಿಲ್ಲ. ಆಮೇಲೆ ಆ ಬೆರಳು ಮೆತ್ತಗಾದವು, ಅದನ್ನೂ ನೋಡಿದ್ದೇನೆ. ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್ ಹೊತ್ತಿಗೆ.

ಹ್ಯಾಂಬರ್ಗ್ ಬಗ್ಗೆ. ಜರ್ಮನಿಯಲ್ಲಿ ಕೆಲಸ ಸಿಕ್ಕಿದ್ದನ್ನು ಮತ್ತಿಕೆರೆಯಲ್ಲಿ ಹಾಲಿನ ಬೂತಿನವನಿಗೂ ಹೇಳಿದ್ದೇನೆ, ಅದು ಬೇರೆ. ಬಾಡಿಗೆ ಕರಾರನ್ನು ಪೂರ್ತಿ ಓದಿಸಿಕೊಂಡೇ ಸಹಿ ಮಾಡು. ರಾತ್ರಿ ಬಾಗಿಲು ಎರಡು ಸಲ ನೋಡು. ಅನ್ನ ಬಿಟ್ಟು ಬರೀ ಬ್ರೆಡ್ಡಲ್ಲಿ ದಿನ ದೂಡಬೇಡ. ಮೊದಲ ಆರು ತಿಂಗಳು ಯಾರಿಗೂ ಸಾಲ ಕೊಡಬೇಡ. ಬೇಜಾರಾದರೆ ಹೇಳು, ನನಗಲ್ಲದಿದ್ದರೆ ಅಮ್ಮನಿಗೆ. ಹೇಳದೆ ಸುಮ್ಮನಾಗೋದು ನನ್ನಿಂದ ನಿನಗೆ ಬಂದ ಚಾಳಿ. ನನಗಿರೋ ಹೆದರಿಕೆ ಅದೊಂದೇ. ನೀನು ಒಂದು ಸಲ ಕೇಳುತ್ತೀಯ, ಆಗಲ್ಲ ಅಂದರೆ ಮತ್ತೆ ಕೇಳಲ್ಲ. ಅಲ್ಲಿ ಯಾರಾದರೂ ಹಾಗೆ ಆಗಲ್ಲ ಅಂದರೆ ಎರಡನೇ ಸಲವೂ ಕೇಳು. ಜಗಳ ಮಾಡಿಯಾದರೂ ಕೇಳು.

ಸಿಟ್ಟು ಇಳಿಯಲಿ ಅಂತ ಇದನ್ನು ಬರೆದಿಲ್ಲ. ಇದ್ದರೆ ಇರಲಿ.

ನಾಳೆ ಅಮ್ಮ ಬೆಳ್ಳಂದೂರಿಗೆ ನಿನ್ನ ರೂಮಿಗೆ ಬರುತ್ತಾಳೆ, ಪತ್ರ ಅವಳ ಕೈಲಿ ಕಳಿಸುತ್ತೇನೆ. ಗಿಟಾರ್ ಕಳಿಸುತ್ತಿಲ್ಲ, ಕಳಿಸಿದರೆ ಮತ್ತೆ ನಾನೇ ತೀರ್ಮಾನ ಮಾಡಿದ ಹಾಗಾಗುತ್ತೆ. ಅದು ಇಲ್ಲಿ ನಿನ್ನ ಮಂಚದ ಮೇಲಿದೆ. ತಂತಿ ಎತ್ತರಿಸೋಕೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಆ ನಟ್ ಅಡಿಗೆ ಇಟ್ಟಿದ್ದ ಹಿತ್ತಾಳೆ ಚೂರು ತೆಗೆದಿದ್ದೇನೆ. ಆರೂ ತಂತಿ ಸಡಿಲ ಮಾಡಿದ್ದೇನೆ. ತಗೊಂಡು ಹೋಗೋದಾದರೆ ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕುತ್ತಾರಲ್ಲ, ಆ ಒಣಹವೆಗೆ ಮರ ಬಿರುಕು ಬಿಡುತ್ತೆ. ಸೋಪಿನ ಡಬ್ಬಕ್ಕೆ ತೂತು ಮಾಡಿ ಒದ್ದೆ ಸ್ಪಂಜ್ ಹಾಕಿ ಚೀಲದೊಳಗಿಡು. ಇಲ್ಲೇ ಬಿಟ್ಟರೆ, ನೀನು ಮುಟ್ಟು ಅನ್ನುವ ತನಕ ನಾನು ಮುಟ್ಟುವುದಿಲ್ಲ.

ಅಮ್ಮನ ಚೀಲದಲ್ಲಿ ಚಟ್ನಿಪುಡಿ ಜೊತೆ ಒಂದು ಸಣ್ಣ ಬಟ್ಟೆ ಗಂಟು ಇದೆ. ಅದರೊಳಗಿನದು 17 ಮಿಲಿಮೀಟರಿಗೆ ಬೋರ್ ಮಾಡಿದ ಸ್ಲೈಡ್. ನೀನು ಬಿಟ್ಟುಹೋದ ಕಿರುಬೆರಳಿನ ಉಂಗುರ ಅಳೆದು ಸ್ವಲ್ಪ ಜಾಸ್ತಿ ಬಿಟ್ಟಿದ್ದೇನೆ. ಬಿಗಿಯಾದರೆ ಹೇಳು.

ಏರ್‌ಪೋರ್ಟಿಗೆ ಕ್ಯಾಬಲ್ಲೇ ಹೋಗುತ್ತೇನೆ ಅಂದೆಯಂತೆ. ಹೆಬ್ಬಾಳದ ಹತ್ತಿರ ಸಂಜೆ ಹೇಗಿರುತ್ತೆ ಗೊತ್ತಲ್ಲ, ಐದಕ್ಕೇ ಹೊರಡು. ನಾನೂ ಬರಲಾ? ಮಾತಾಡಲ್ಲ, ಮುಂದಿನ ಸೀಟಲ್ಲಿ ಸುಮ್ನೆ ಕೂತಿರುತ್ತೇನೆ.

ಅಪ್ಪ