ಕೋವಿ ವರ್ಗಾವಣೆ: ಬರುವ ತಿಂಗಳಿಂದ ಏನು ಬದಲಾಗುತ್ತದೆ, ಯಾಕೆ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಕಿನಿಂದ, ಒಬ್ಬರ ಹೆಸರಿನ ಕೋವಿ ಇನ್ನೊಬ್ಬರ ಹೆಸರಿಗೆ ಹೋಗುವಾಗ ನಮ್ಮ ಅಂಗಡಿಯಲ್ಲಿ ಅದೇ ದಿನ ಕೈಗೆ ಸಿಗುವುದಿಲ್ಲ. ನೀವು ತಂದ ಲೈಸೆನ್ಸ್ ಮತ್ತು ಅನುಮತಿ ಪತ್ರ ಸರಿಯಿದೆಯಾ ಎಂದು ಅವನ್ನು ಕೊಟ್ಟ ಕಚೇರಿಯಲ್ಲೇ ವಿಚಾರಿಸುತ್ತೇವೆ. ಅಲ್ಲಿಂದ ಉತ್ತರ ಬಂದ ಮೇಲೆ ನಾವೇ ಫೋನ್ ಮಾಡುತ್ತೇವೆ. ಇನ್ನೊಂದು, ವರ್ಗಾವಣೆಗೆ ಕಾಯುತ್ತಾ ನಮ್ಮಲ್ಲಿ ಇರುವ ಕೋವಿಗೆ ಮೊದಲ ಮೂರು ತಿಂಗಳು ದುಡ್ಡಿಲ್ಲ. ಅದರ ನಂತರ ತಿಂಗಳಿಗೆ 200 ರೂಪಾಯಿ.

ಇದರಿಂದ ನಿಮಗೆ ಒಂದು ಓಡಾಟ ಜಾಸ್ತಿ ಆಗುತ್ತದೆ. ತೋಟದ ಕೆಲಸ ಬಿಟ್ಟು, ಘಾಟಿ ಇಳಿದು ಬರುವವರಿಗೆ ಅದು ಸಣ್ಣ ಮಾತಲ್ಲ. ಅದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ನಿಯಮ ಸಡಿಲ ಮಾಡಿ ಎಂದು ಮಾತ್ರ ಕೇಳಬೇಡಿ.

ಯಾಕೆ ಈಗ ಎಂದು ಕೇಳುತ್ತೀರಿ. ಮೊದಲೆಲ್ಲ ಜನ ಲೈಸೆನ್ಸ್ ಪುಸ್ತಕವನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುತ್ತಿದ್ದರು. ಈಗ ಮೊಬೈಲಿನಲ್ಲಿ ಫೋಟೋ ತೋರಿಸಿ ‘ಇದೇ ಸಾಕಲ್ವಾ’ ಅನ್ನುತ್ತಾರೆ. ವಾಟ್ಸಾಪಿನಲ್ಲಿ ಬಂದ ಅನುಮತಿ ಪತ್ರದ ಮೇಲಿನ ಸೀಲು ನಿಜವೋ ಸುಳ್ಳೋ ನೋಡಿದರೆ ಗೊತ್ತಾಗುವುದಿಲ್ಲ. ಯುಐಎನ್ ನಂಬರ್, ಅಂದರೆ ಲೈಸೆನ್ಸ್ ಇರುವ ಪ್ರತಿಯೊಬ್ಬರಿಗೂ ಸರ್ಕಾರದ ಲೆಕ್ಕದಲ್ಲಿ ಕೊಡುವ ಗುರುತಿನ ನಂಬರ್, ಇಲ್ಲದ ಹಳೇ ಲೈಸೆನ್ಸ್ ಈಗ ನಡೆಯುವುದಿಲ್ಲ. ನಂಬರ್ ಇದ್ದರೂ ಅದು ಇನ್ನೂ ಚಾಲ್ತಿಯಲ್ಲಿದೆಯಾ ಎಂದು ನೋಡಬೇಕು. ಶಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ, ಕಾನೂನು ಮೀರಿ ಕೋವಿ ಮಾರಿದವರಿಗೂ ದಾಟಿಸಿದವರಿಗೂ ಕಡಿಮೆ ಎಂದರೆ 7 ವರ್ಷ ಜೈಲು. ಜಾಸ್ತಿ ಎಂದರೆ ಜೀವಾವಧಿ. ನಿಮ್ಮ ಒಂದು ಓಡಾಟದ ಎದುರಿಗೆ ಇದನ್ನೂ ಇಟ್ಟು ನೋಡಿ.

‘ಪೊಲೀಸರು ವಿಚಾರಣೆ ಮಾಡಿಯೇ ಲೈಸೆನ್ಸ್ ಕೊಟ್ಟಿದ್ದಾರೆ, ಮತ್ತೆ ನೀವು ಯಾರು ಕೇಳಲಿಕ್ಕೆ?’ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿರುವ ಮಗ ಹೇಳಿದ ಎಂದು ಒಬ್ಬರು ಜಗಳಕ್ಕೇ ನಿಂತರು: ಅಲ್ಲಿ ಅಂಗಡಿಯವನು ಎಫ್‌ಬಿಐಗೆ ವಿವರ ಕಳಿಸುತ್ತಾನೆ, ಎಷ್ಟೋ ಸಲ ನಿಂತಲ್ಲೇ ಉತ್ತರ ಬರುತ್ತದೆ ಅಂತ. ನಿಜ. ಅಲ್ಲಿ 1998ರಿಂದ ಅಂಥ ವ್ಯವಸ್ಥೆ ಇದೆ. ಮೂರು ಕೆಲಸದ ದಿನದಲ್ಲಿ ಉತ್ತರ ಬಾರದಿದ್ದರೆ ಕೇಂದ್ರದ ಕಾನೂನಿನ ಪ್ರಕಾರ ಅಂಗಡಿಯವನು ಮಾರಲೂಬಹುದು. ನಮ್ಮ ದೇಶದಲ್ಲಿ ದಾರಿ ಬೇರೆ. ಇಲ್ಲಿ ಮನುಷ್ಯನ ವಿಚಾರಣೆ ಲೈಸೆನ್ಸ್ ಸಿಗುವ ಮೊದಲೇ ಆಗುತ್ತದೆ. ಠಾಣೆಯವರು ಅವರ ಮೇಲೆ ಕೇಸು ಇದೆಯಾ ನೋಡಿ ವರದಿ ಕಳಿಸುತ್ತಾರೆ. ಡಾಕ್ಟರ್ ಸರ್ಟಿಫಿಕೇಟ್ ಬೇಕು, ಕೋವಿ ಹಿಡಿಯುವ ತರಬೇತಿ ಆಗಿರಬೇಕು. ಇಷ್ಟಾದ ಮೇಲೆ ಸಿಗುವ ಲೈಸೆನ್ಸ್ 5 ವರ್ಷಕ್ಕೆ. ಆ 5 ವರ್ಷದ ನಡುವೆ ಅದು ರದ್ದಾಗಿದ್ದರೆ ಪುಸ್ತಕ ನೋಡಿ ನಮಗೆ ಹೇಗೆ ತಿಳಿಯಬೇಕು? ಕಚೇರಿಗೇ ಕೇಳಬೇಕು. ನಾವು ಮಾಡುವುದು ಅಷ್ಟೇ.

ಈಗ ಎಲ್ಲರೂ ಹೇಳುವ ಮಾತಿಗೆ ಬರುತ್ತೇನೆ. ‘ಅಪ್ಪನ ಕೋವಿ. ನಮ್ಮ ಮನೆಯದೇ. ನಮ್ಮ ಕೈಗೆ ಕೊಡಲಿಕ್ಕೆ ನಿಮಗೇನು ಕಷ್ಟ?’

ಮನೆಯದೇ ಇರಬಹುದು. ಆದರೆ ಲೈಸೆನ್ಸ್ ಮನೆಗೆ ಕೊಟ್ಟಿದ್ದಲ್ಲ, ಅಪ್ಪನಿಗೆ ಕೊಟ್ಟಿದ್ದು. ಅವರು ತೀರಿಕೊಂಡ ದಿನವೇ ಆ ಕೋವಿ ಇಟ್ಟುಕೊಳ್ಳುವ ಹಕ್ಕು ಮನೆಯಲ್ಲಿ ಯಾರಿಗೂ ಇಲ್ಲ. ತಡ ಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕು ಎಂದು 1959ರ ಶಸ್ತ್ರ ಕಾಯ್ದೆಯ 21ನೇ ಕಲಂ ಹೇಳುತ್ತದೆ. ವೈಕುಂಠ ಸಮಾರಾಧನೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಅಟ್ಟದ ಮೇಲೆ ಇಟ್ಟು ವರ್ಷ ಕಳೆದವರು ನಮ್ಮ ಗ್ರಾಹಕರಲ್ಲೇ ಇದ್ದಾರೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ಹಂದಿ ಓಡಿಸಲಿಕ್ಕೆ ಇಟ್ಟದ್ದು ಎಂದರೆ ಯಾರೂ ಕೇಳುವುದಿಲ್ಲ.

ಮಗನೋ ಮಗಳೋ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಉಳಿದ ವಾರಸುದಾರರು ತಕರಾರಿಲ್ಲ ಎಂದು ಬರೆದು ಕೊಡಬೇಕು. ಜಗಳ ಹುಟ್ಟುವುದೇ ಇಲ್ಲಿ. ತಮ್ಮ ಬೆಂಗಳೂರಿನಲ್ಲಿ, ಅಕ್ಕ ಗಂಡನ ಮನೆಯಲ್ಲಿ, ಆಸ್ತಿ ಇನ್ನೂ ಪಾಲಾಗಿಲ್ಲ. ಕೋವಿ ಯಾರಿಗೂ ಬೇಡ, ಆದರೆ ಸಹಿ ಹಾಕಲು ಎಲ್ಲರಿಗೂ ಮೀನಮೇಷ. ಆ ಸಹಿ ಬರುವವರೆಗೆ ಕೋವಿ ನಮ್ಮ ಬೀರುವಿನಲ್ಲಿ, ಬೈಗುಳ ನಮ್ಮ ತಲೆಗೆ. ಅದೆಲ್ಲ ಮುಗಿದು ಅರ್ಜಿ ಹೋದ ಮೇಲೂ, 2016ರ ಶಸ್ತ್ರ ನಿಯಮದಲ್ಲಿ ಪೊಲೀಸ್ ವರದಿಗೆ 30 ದಿನ, ಅದು ಬಂದ ಮೇಲೆ ಲೈಸೆನ್ಸ್ ಕೊಡುವ ಅಧಿಕಾರಿಗೆ 60 ದಿನ ಇದೆ. ಇದರಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವ ಶಕ್ತಿ ನಮಗಿಲ್ಲ.

ಒಂದು ಉಪಾಯ ಬಹಳ ಜನಕ್ಕೆ ಗೊತ್ತಿಲ್ಲ. ಅಪ್ಪನಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಆ ಕೋವಿ ಅವರ ಹತ್ತಿರ 25 ವರ್ಷದಿಂದ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರಲ್ಲಿ ಒಬ್ಬರನ್ನು ಸೂಚಿಸಬಹುದು. ಅವರೇ ಎದುರಿಗೆ ಕೂತು ಸಹಿ ಹಾಕಿದರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ. ಆದರೆ ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡು ಕೋವಿ ಇದ್ದರೆ ಅಪ್ಪನದು ಸೇರಿಸಲಿಕ್ಕೆ ಆಗುವುದಿಲ್ಲ. ಮೊದಲು ಮೂರರವರೆಗೆ ಇತ್ತು, 2019ರ ಡಿಸೆಂಬರಿನಿಂದ ಎರಡೇ.

ವಾರಸಾ ಅಲ್ಲದೆ ಬೇರೆಯವರಿಗೆ ಮಾರುವವರಿಗೆ: ಕೊಳ್ಳುವವರ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗೋ ಠಾಣೆಗೋ ತಿಳಿಸಿ 45 ದಿನ ಕಾಯಬೇಕು. ಇದು ನಾವು ಮಾಡಿದ ನಿಯಮ ಅಲ್ಲ, ಕಾಯ್ದೆಯಲ್ಲೇ ಇದೆ. ‘ನಿಮ್ಮ ಅಂಗಡಿಯಲ್ಲಿ ಸುಮ್ನೆ ಸತಾಯಿಸುತ್ತಾರೆ’ ಎಂದು ಸಂತೆಯಲ್ಲಿ ಹೇಳಿಕೊಂಡು ಬಂದವರು ದಯವಿಟ್ಟು ಇದನ್ನೂ ಸೇರಿಸಿ ಹೇಳಿ.

ಇನ್ನು ಆ 200 ರೂಪಾಯಿ. ಠಾಣೆಯಲ್ಲಿ ದುಡ್ಡಿಲ್ಲದೆ ಇಡುತ್ತಾರೆ ಎನ್ನುತ್ತಾರೆ. ಅಲ್ಲಿ ಇಡಬಹುದು, ನಮಗೆ ಬೇಜಾರಿಲ್ಲ. ಆದರೆ ಚುನಾವಣೆ ಹೊತ್ತಿಗೆ ಠಾಣೆಯಲ್ಲಿ ಇಟ್ಟು, ಅದು ಮುಗಿದ ಮೇಲೆ ವಾಪಸ್ ತಂದ ಕೋವಿಯನ್ನು ರಿಪೇರಿಗೆ ಕೊಡುವವರು ನಮಗೇ ಕೊಡುತ್ತೀರಿ, ಅಲ್ವಾ? ನಮ್ಮ ಮಳೆಗಾಲ ನಿಮಗೆ ಗೊತ್ತು. ಜುಲೈಯಲ್ಲಿ ಹದಿನೈದು ದಿನ ಮುಟ್ಟದೆ ಬಿಟ್ಟರೆ ನಳಿಗೆಯ ಒಳಗೆ ಕೆಂಪು ಚುಕ್ಕೆ ಏಳುತ್ತದೆ. ಆ ಚುಕ್ಕೆ ಗುಳಿಯಾದರೆ ನಳಿಗೆ ಹೋಯಿತು. ಹಾಗಾಗಿ ನಮ್ಮಲ್ಲಿರುವ ಪ್ರತಿ ಕೋವಿಯ ನಳಿಗೆ ಬಿಚ್ಚಿ, ಸರಳಿಗೆ ಬಟ್ಟೆ ಸುತ್ತಿ ಒರೆಸಿ, ಎಣ್ಣೆ ಹಾಕಿ, ಮರದ ಭಾಗಕ್ಕೆ ಬೂಸ್ಟು ಬಾರದಂತೆ ಒಣ ಬಟ್ಟೆ ಹಿಡಿಯುತ್ತೇವೆ. ಇದಕ್ಕೆ ಒಬ್ಬ ಹುಡುಗನ ಸಂಬಳ ಇದೆ. ಕಬ್ಬಿಣದ ಬಾಗಿಲಿನ ಕೋಣೆ, ಕ್ಯಾಮೆರಾ, ರಾತ್ರಿ ಕಾವಲು, ತಪಾಸಣೆಗೆ ಬಂದವರಿಗೆ ಸಾಲು ಸಾಲು ತೋರಿಸಬೇಕಾದ ರಿಜಿಸ್ಟರ್. ಇಷ್ಟು ದಿನ ಇದೆಲ್ಲ ನಮ್ಮ ಕೈಯಿಂದಲೇ ಹೋಗುತ್ತಿತ್ತು. ತೋಟಾ, ಅಂದರೆ ಕೋವಿಯ ಗುಂಡು, ಮಾರಿದ ಲಾಭದಲ್ಲಿ ಈಗ ಅದು ಗಿಟ್ಟುವುದಿಲ್ಲ. ಅದಕ್ಕೆ ‘ದುಡ್ಡು ಮಾಡಲಿಕ್ಕೆ ಹೊರಟಿದ್ದಾರೆ’ ಎಂಬ ಮಾತು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಸುಳ್ಳು ಹೇಳುವುದಿಲ್ಲ.

ಕೋವಿಯ ಮೇಲಿನ ನಂಬರನ್ನು ಲೈಸೆನ್ಸಿನ ಜೊತೆ ತಾಳೆ ನೋಡುವುದಕ್ಕೆ ಯಾಕೆ ಅಷ್ಟು ಹೊತ್ತು ಎಂದೂ ಕೇಳುತ್ತೀರಿ. ಹಳೇ ವಿಲಾಯತಿ ಜೋಡುನಳಿಗೆಯಲ್ಲಿ ನಂಬರ್ ಇರುವುದು ನಳಿಗೆ ಬಿಚ್ಚಿದರೆ ಕಾಣುವ ಚಪ್ಪಟೆ ಜಾಗದಲ್ಲಿ. ಮೂರು ತಲೆಮಾರು ಉಜ್ಜಿ ಉಜ್ಜಿ ಅದು ಸವೆದಿರುತ್ತದೆ. ಸೀಮೆಸುಣ್ಣ ತಿಕ್ಕಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಒಂದೊಂದೇ ಅಂಕಿ ಬಿಳಿಯಾಗಿ ಏಳುತ್ತದೆ. ಕೋವಿಯಲ್ಲಿ 7, ಲೈಸೆನ್ಸಿನಲ್ಲಿ ಯಾವ ಕಾಲದಲ್ಲೋ ಯಾರೋ ಗುಮಾಸ್ತರು ಬರೆದ 1. ಕಾಗದದ ಲೆಕ್ಕದಲ್ಲಿ ಅದು ನಿಮ್ಮ ಕೋವಿಯೇ ಅಲ್ಲ. ಇದು ನಮ್ಮ ಟೇಬಲ್ ಮೇಲೆ ಗೊತ್ತಾದರೆ ಒಂದು ತಿದ್ದುಪಡಿ ಅರ್ಜಿಯಲ್ಲಿ ಮುಗಿಯುತ್ತದೆ. ದಾರಿಯಲ್ಲಿ ಚೆಕ್ಕಿಂಗಿನವರಿಗೆ ಗೊತ್ತಾದರೆ ಅಷ್ಟು ಸುಲಭ ಅಲ್ಲ. ಈ ಕೆಲಸದಲ್ಲಿ ನಮ್ಮ ಹುಡುಗರ ಕಣ್ಣು ಬಲು ಚುರುಕು, ಇದನ್ನು ಜಂಬದಿಂದಲೇ ಹೇಳುತ್ತೇನೆ.

ಕೊಡಗಿನಿಂದ, ಅಲ್ಲಿನ ಕೆಲವರಿಗೆ ಲೈಸೆನ್ಸಿನ ಬದಲು ಸಿಗುವ ವಿನಾಯಿತಿ ಪತ್ರದ ಮೇಲೆ ಬರುವವರಿಗೂ ಇದೇ ಕ್ರಮ. ಮೂಲ ಪತ್ರವನ್ನೇ ತನ್ನಿ. ವಿನಾಯಿತಿ 2029ರವರೆಗೆ ಇದೆ, ಅದರ ಬಗ್ಗೆ ಗಾಬರಿ ಬೇಡ.

ಈಗಾಗಲೇ ನಮ್ಮಲ್ಲಿ ಕೋವಿ ಇಟ್ಟವರಿಗೆ ಹೊಸ ದುಡ್ಡು ಅನ್ವಯ ಆಗುವುದಿಲ್ಲ, ಅವರದು ಮುಗಿಯುವವರೆಗೆ ಹಳೇ ಲೆಕ್ಕವೇ. ಗಂಡಸರಿಲ್ಲದ ಮನೆಯಿಂದ, ವಯಸ್ಸಾದವರ ಮನೆಯಿಂದ ಕೋವಿ ಒಪ್ಪಿಸಬೇಕಿದ್ದರೆ ಹೊರಡುವ ಮೊದಲು ಒಂದು ಫೋನ್ ಮಾಡಿ. ಯಾವ ಕಾಗದ ತರಬೇಕು, ಠಾಣೆಗೆ ಏನು ಬರೆದು ಕೊಡಬೇಕು ಎಂದು ನಾನೇ ಹೇಳುತ್ತೇನೆ. ಅರ್ಜಿ ಬರೆದು ಕೊಡಲಿಕ್ಕೆ ನಮ್ಮಲ್ಲಿ ದುಡ್ಡು ತಗೊಳ್ಳುವುದಿಲ್ಲ, ಮುಂದೆಯೂ ಇಲ್ಲ.

ಬರುವಾಗ ನಳಿಗೆ ಬಿಚ್ಚಿ ಚೀಲದಲ್ಲಿ ಕಟ್ಟಿ ತನ್ನಿ. ತೋಟಾ ಬೇರೆ ಚೀಲದಲ್ಲಿರಲಿ. ಭಾನುವಾರ ರಜೆ. ಶನಿವಾರ ಮಧ್ಯಾಹ್ನದ ಮೇಲೆ ಕಚೇರಿಗಳಿಂದ ಉತ್ತರ ಸಿಗುವುದಿಲ್ಲ, ಆದ್ದರಿಂದ ವರ್ಗಾವಣೆ ಕೆಲಸಕ್ಕೆ ವಾರದ ನಡುವೆ ಬಂದರೆ ಒಳ್ಳೆಯದು.

ಇಂತಿ,
ಅಂಗಡಿಯ ಪರವಾಗಿ ಮಾಲೀಕರು