ಮಗಳಿಗೊಂದು ಪತ್ರ: ಅದಿರು ಯಾರದು, ಅಯಸ್ಕಾಂತ ಯಾರದು

ಪ್ರೀತಿಯ ಪುಟ್ಟಿ,

ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಕೇರಳ, ಒಡಿಶಾದ ಕಡಲ ಮರಳಿನಲ್ಲೇ ರೇರ್ ಅರ್ಥ್ (ವಿರಳ ಭೂಧಾತುಗಳು) ಬಿದ್ದಿರುವಾಗ, ಅದರಿಂದ ಮಾಡುವ ಮೋಟರಿನ ಮ್ಯಾಗ್ನೆಟ್ಟಿಗಾಗಿ ಬೆಂಗಳೂರು, ಹೊಸೂರಿನ ವಿದ್ಯುತ್ ಸ್ಕೂಟರ್ ಕಂಪನಿಗಳು ಚೀನಾದ ಪರವಾನಗಿಗೆ ಯಾಕೆ ಕಾಯಬೇಕು? ಅಮೆರಿಕ–ಚೀನಾ ಪೈಪೋಟಿ ಅಂದರೆ ಯುದ್ಧನೌಕೆ, ಸುಂಕ, ಶೃಂಗಸಭೆ ಅಂತ ನೀನು ಓದಿದ್ದೆಲ್ಲ ನಿಜವೇ. ಆದರೆ ಈ ಜಗಳದಲ್ಲಿ ಜುಟ್ಟು ಯಾರ ಕೈಲಿದೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಕೆಮಿಸ್ಟ್ರಿಗೆ ಇಳಿಯಬೇಕು. ಬೇಜಾರು ಮಾಡಿಕೊಳ್ಳದೆ ಓದು.

ಮೊದಲಿಗೆ ಹೆಸರೇ ಮೋಸ. ಈ 17 ಧಾತುಗಳು ಅಂಥ ವಿರಳವೇನಲ್ಲ. ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ತೊಂದರೆ ಏನೆಂದರೆ ಇವೆಲ್ಲ ಒಟ್ಟಿಗೇ ಸಿಗುತ್ತವೆ, ಗುಣದಲ್ಲಿ ಒಂದಕ್ಕೊಂದು ಅವಳಿಜವಳಿ. ನಮ್ಮ ಕಡಲ ಮರಳಿನಲ್ಲಿ ರೇರ್ ಅರ್ಥ್ ಹೊತ್ತಿರುವ ಖನಿಜ ಮಾನೊಜೈಟನ್ನೇ ತಗೊ. ಮರಳಿನಿಂದ ಅದನ್ನು ಆಯ್ದು, ನುಣ್ಣಗೆ ಅರೆದು, ಬಿಸಿ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಫಾಸ್ಫೇಟ್ ಬಿಟ್ಟುಹೋಗುತ್ತದೆ. ಉಳಿದದ್ದನ್ನು ಆಮ್ಲದಲ್ಲಿ ಹದವಾಗಿ ಕರಗಿಸಿ ಥೋರಿಯಂ ಬೇರೆ ಮಾಡುತ್ತಾರೆ. ವಿಕಿರಣ ಸೂಸುವ ಈ ಥೋರಿಯಂ ಇರುವುದರಿಂದಲೇ ಮಾನೊಜೈಟ್ ನಮ್ಮಲ್ಲಿ ಪರಮಾಣು ಇಂಧನ ಇಲಾಖೆಯ ಅಂಕೆಯಲ್ಲಿದೆ; ದಶಕಗಳಿಂದ ಆ ಕೆಲಸ ಸರ್ಕಾರಿ ಕಂಪನಿ ಐಆರ್‌ಇಎಲ್ ಒಂದರದ್ದೇ ಅನ್ನುವ ಹಾಗಿದೆ.

ಇಷ್ಟು ಸುಲಭದ ಭಾಗ. ಇಲ್ಲಿಂದ ಮುಂದೆ ಮಿಕ್ಸರ್–ಸೆಟ್ಲರ್ ಎಂಬ ತೊಟ್ಟಿಗಳ ಸಾಲು. ಒಂದು ತೊಟ್ಟಿಯಲ್ಲಿ ಎರಡು ಕೋಣೆ. ಮೊದಲನೆಯದರಲ್ಲಿ ಆಮ್ಲದ ದ್ರಾವಣವನ್ನೂ, ಸೀಮೆಎಣ್ಣೆಯಲ್ಲಿ ಬೆರೆಸಿದ ಪಿ507 ಎಂಬ ರಾಸಾಯನಿಕವನ್ನೂ ಮೊಸರು ಕಡೆದ ಹಾಗೆ ಕಡೆಯುತ್ತಾರೆ. ಎರಡನೆಯದರಲ್ಲಿ ಅದು ನಿಂತು ತಿಳಿಯಾಗುತ್ತದೆ: ಎಣ್ಣೆ ಮೇಲೆ, ನೀರು ಕೆಳಗೆ. ಮ್ಯಾಗ್ನೆಟ್ಟಿಗೆ ಮುಖ್ಯವಾಗಿ ಬೇಕಾದ ರೇರ್ ಅರ್ಥ್ ಆದ ನಿಯೋಡಿಮಿಯಂ ಎಣ್ಣೆಗೆ ತುಸು ಹೆಚ್ಚು ಒಲಿಯುತ್ತದೆ, ಪಕ್ಕದ ಪ್ರೇಸಿಯೋಡಿಮಿಯಂ ತುಸು ಕಡಿಮೆ. ಆ 'ತುಸು' ಅನ್ನುವುದು ಸುಮಾರು ಒಂದೂವರೆ ಪಟ್ಟು, ಅಷ್ಟೇ. ಆದ್ದರಿಂದ ಅದೇ ಕೆಲಸವನ್ನು ನೂರಾರು ತೊಟ್ಟಿಗಳಲ್ಲಿ ಸಾಲಾಗಿ ಮಾಡಬೇಕು. ಎಲ್ಲೋ ಒಂದು ಕಡೆ ಆಮ್ಲದ ಹದ ತಪ್ಪಿತೋ, ಅದು ಸಾಲಿನುದ್ದಕ್ಕೂ ಹರಿದು ಶುದ್ಧವಾಗಿದ್ದದ್ದೂ ಕಲಬೆರಕೆ. ಮತ್ತೆ ಹದಕ್ಕೆ ತರಲು ಬಹಳ ದಿನ ಹಿಡಿಯುತ್ತದೆ.

ಈ ತೊಟ್ಟಿಗಳ ಲೆಕ್ಕವನ್ನು 1970ರ ದಶಕದಲ್ಲಿ ಗಣಿತಕ್ಕೆ ಇಳಿಸಿದವರು ಪೀಕಿಂಗ್ ವಿಶ್ವವಿದ್ಯಾಲಯದ ಶೂ ಗ್ವಾಂಗ್‌ಶಿಯೆನ್. 1951ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಪಿಎಚ್‌ಡಿ ಮುಗಿಸಿ ಊರಿಗೆ ಮರಳಿದವರು! ಎಷ್ಟು ತೊಟ್ಟಿ ಬೇಕು, ಹರಿವು ಎಷ್ಟಿರಬೇಕು ಎಂಬುದನ್ನು ಕಾಗದದ ಮೇಲೇ ತೀರ್ಮಾನಿಸುವಂತಾಯಿತು. ಆಮೇಲೆ ಚೀನಾದ ಸಣ್ಣಪುಟ್ಟ ಕಾರ್ಖಾನೆಗಳು ಬೆಲೆಯನ್ನು ಪಾತಾಳಕ್ಕೆ ಇಳಿಸಿದವು. ಹಾಳಾದ ನೀರು, ನೆಲದ ಖರ್ಚನ್ನು ಯಾರೂ ಅದರಲ್ಲಿ ಹಿಡಿಯಲಿಲ್ಲ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ 2002ರಲ್ಲಿ ನಿಂತಿತು. ಇಂಡಿಯಾನಾದಲ್ಲಿ ಜನರಲ್ ಮೋಟರ್ಸ್ ಕಟ್ಟಿದ್ದ ಮ್ಯಾಗ್ನೆಟ್ ಕಂಪನಿ ಮ್ಯಾಗ್ನೆಕ್ವೆಂಚ್ 1995ರಲ್ಲಿ ಚೀನಾದ ಬಂಡವಾಳವಿದ್ದ ಗುಂಪಿಗೆ ಮಾರಾಟವಾಗಿ, ಕೆಲಸವೂ ಕ್ರಮೇಣ ಆಚೆಗೆ ಹೋಯಿತು. ಯಾರೂ ಕಸಿದುಕೊಂಡದ್ದಲ್ಲ ಕಣೇ, ಗಲೀಜು ಕೆಲಸ, ಲಾಭವಿಲ್ಲ ಅಂತ ಅಮೆರಿಕದವರೇ ಬಿಟ್ಟುಕೊಟ್ಟದ್ದು. ಇವತ್ತು ರೇರ್ ಅರ್ಥ್ ಶುದ್ಧೀಕರಣದಲ್ಲೂ ಮ್ಯಾಗ್ನೆಟ್ ತಯಾರಿಕೆಯಲ್ಲೂ ಸುಮಾರು ಶೇ 90 ಚೀನಾದ ಪಾಲು.

ಮ್ಯಾಗ್ನೆಟ್ ಮಾಡುವುದು ಇನ್ನೊಂದು ಪಾಕ. ತೂಕದಲ್ಲಿ ಶೇ 30ರ ಆಸುಪಾಸು ನಿಯೋಡಿಮಿಯಂ, ಶೇ 1ರಷ್ಟು ಬೋರಾನ್, ಮಿಕ್ಕಿದ್ದು ಬಹುಪಾಲು ಕಬ್ಬಿಣ. ಮಿಶ್ರಲೋಹವನ್ನು ಹೈಡ್ರೋಜನ್ನಿನಲ್ಲಿ ಬಿರಿಸಿ, 3ರಿಂದ 5 ಮೈಕ್ರಾನಿನ ಪುಡಿ ಮಾಡಿ, ಕಾಂತಕ್ಷೇತ್ರದೊಳಗೆ ಅಚ್ಚೊತ್ತಿ, 1,050 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಸುಡುತ್ತಾರೆ. ಪುಡಿಗೆ ಗಾಳಿ ತಾಗಿದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊತ್ತದಿದ್ದರೂ ಆಮ್ಲಜನಕ ಸೇರಿದಷ್ಟೂ ಕಾಂತಶಕ್ತಿ ಕುಗ್ಗುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಒಂದು ಕೊರತೆ ಉಳಿಯುತ್ತದೆ: ಕಾರಿನ ಮೋಟರು 150 ಡಿಗ್ರಿ ದಾಟಿದರೆ ಈ ಮ್ಯಾಗ್ನೆಟ್ ಸೋಲುತ್ತದೆ. ಸೋಲದಿರಲಿ ಅಂತ ಶೇಕಡಾ ಒಂದೆರಡರಿಂದ ಕೆಲವು ಪಾಲು ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಸಾರಿಗೆ ಉಪ್ಪಿದ್ದ ಹಾಗೆ: ಅಳತೆ ಚಿಕ್ಕದು, ಇಲ್ಲದಿದ್ದರೆ ನಡೆಯದು. ಈ ಭಾರದ ಧಾತುಗಳು ಮುಖ್ಯವಾಗಿ ಸಿಗುವುದು ದಕ್ಷಿಣ ಚೀನಾದ ಜಿಯಾಂಗ್‌ಶಿ ಸುತ್ತಲಿನ ಜೇಡಿಮಣ್ಣಿನಲ್ಲಿ, ಗಡಿಯಾಚೆ ಮ್ಯಾನ್ಮಾರಿನ ಕಚಿನ್ ಬೆಟ್ಟಗಳಲ್ಲಿ.

ಈಗ 2025ರ ಏಪ್ರಿಲ್ ನೋಡು. 2ನೇ ತಾರೀಕು ಟ್ರಂಪ್ ಸುಂಕ ಘೋಷಿಸಿದರು. 4ರಂದು ಬೀಜಿಂಗ್ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪಟ್ಟಿಯಲ್ಲಿ ನಿಯೋಡಿಮಿಯಂ ಇರಲೇ ಇಲ್ಲ! ಇದ್ದದ್ದು ಡಿಸ್ಪ್ರೋಸಿಯಂ, ಟರ್ಬಿಯಂ, ಸಮೇರಿಯಂ ಮುಂತಾದವು. ಉಪ್ಪನ್ನು ಹಿಡಿದರೆ ಸಾರು ತಾನಾಗಿ ನಿಲ್ಲುತ್ತದೆ ಅಂತ ಅವರಿಗೆ ಗೊತ್ತಿತ್ತು. ಸಮೇರಿಯಂ ಹಿಡಿದದ್ದಂತೂ ನೇರ ಸೇನೆಗೆ ಇಟ್ಟ ಗುರಿ. ಹೆಚ್ಚು ಬಿಸಿಯಾಗುವ ಕ್ಷಿಪಣಿ, ವಿಮಾನದ ಭಾಗಗಳಿಗೆ ಸಮೇರಿಯಂ–ಕೋಬಾಲ್ಟ್ ಮ್ಯಾಗ್ನೆಟ್ಟೇ ಬೇಕು. 2022ರಲ್ಲಿ ಅಮೆರಿಕದ ಎಫ್–35 ಯುದ್ಧವಿಮಾನದ ಒಂದು ಭಾಗದ ಮ್ಯಾಗ್ನೆಟ್ಟಿನಲ್ಲಿ ಚೀನಾದ ಮಿಶ್ರಲೋಹ ಇದೆ ಅಂತ ಗೊತ್ತಾಗಿ ಪೆಂಟಗನ್ ಕೆಲಕಾಲ ಹೊಸ ವಿಮಾನ ಪಡೆಯುವುದನ್ನೇ ನಿಲ್ಲಿಸಿತ್ತು.

ಪರವಾನಗಿ ಅಂದರೆ ಪೂರ್ತಿ ನಿಷೇಧವಲ್ಲ, ಅದರ ಜಾಣತನ ಅಲ್ಲೇ ಇರುವುದು. ಕೊಳ್ಳುವವನು ಕೊನೆಯ ಬಳಕೆದಾರ ಯಾರು, ಯಾವ ಯಂತ್ರಕ್ಕೆ, ಸೇನೆಗೆ ಹೋಗುವುದಿಲ್ಲ ಅಂತೆಲ್ಲ ಬರೆದುಕೊಡಬೇಕು. ಅರ್ಜಿ ಸ್ವೀಕಾರವಾದ ಮೇಲೆ 45 ಕೆಲಸದ ದಿನ. ಒಂದು ಕಾಗದ ಸರಿಯಿಲ್ಲ ಅಂದರೆ ಎಣಿಕೆ ಶುರುವಾಗುವುದೇ ತಡ. ಯಾರ ಕಾರ್ಖಾನೆಗೆ ಎಷ್ಟು ಬೇಕು ಅನ್ನುವ ನಕ್ಷೆಯೂ ಬಿಟ್ಟಿಯಾಗಿ ಕೈಸೇರುತ್ತದೆ. ಮೇ ತಿಂಗಳಲ್ಲಿ ಮ್ಯಾಗ್ನೆಟ್ ಸಿಗದೆ ಶಿಕಾಗೋದ ಫೋರ್ಡ್ ಕಾರ್ಖಾನೆ ಒಂದು ವಾರ ನಿಂತಿತು. ನಮ್ಮ ಸ್ಕೂಟರ್‌ಗಳೂ ತತ್ತರಿಸಿದವು.

ಅಕ್ಟೋಬರ್ 9ರ ನಿಯಮ ಇನ್ನೂ ಮುಂದೆ ಹೋಯಿತು: ವಿದೇಶದಲ್ಲಿ ತಯಾರಾದ ವಸ್ತುವಾದರೂ ಅದರ ಬೆಲೆಯಲ್ಲಿ ಶೇ 0.1 ಚೀನಾದ ರೇರ್ ಅರ್ಥ್ ಇದ್ದರೆ ಬೀಜಿಂಗಿನ ಅಪ್ಪಣೆ ಬೇಕು. ಇದು ಅವರ ಸ್ವಂತ ಬುದ್ಧಿಯಲ್ಲ. ಅಮೆರಿಕದ ತಂತ್ರಜ್ಞಾನ ಬಳಸಿ ಎಲ್ಲೇ ಚಿಪ್ ಮಾಡಿದರೂ ಚೀನಾದ ವಾವೇ ಕಂಪನಿಗೆ ಮಾರಕೂಡದು ಅಂತ 2020ರಲ್ಲಿ ವಾಷಿಂಗ್ಟನ್ ಮಾಡಿದ ನಿಯಮದ ನಕಲು. ಅಕ್ಟೋಬರ್ 30ರಂದು ಬೂಸಾನಿನಲ್ಲಿ ಟ್ರಂಪ್–ಷಿ ಭೇಟಿಯಾದ ಮೇಲೆ ಇದನ್ನು ಒಂದು ವರ್ಷಕ್ಕೆ ತಡೆಹಿಡಿದರು. ಏಪ್ರಿಲ್‌ನ ಪರವಾನಗಿ ನಿಯಮ ಮಾತ್ರ ಹಾಗೇ ಉಳಿಯಿತು, ಪತ್ರಿಕೆಗಳಲ್ಲಿ ಅದು ಸರಿಯಾಗಿ ಬರಲಿಲ್ಲ.

ಇಂಥ ಹಿಡಿತ ಬಳಸಿದಷ್ಟೂ ಸಡಿಲವಾಗುತ್ತದೆ ಅನ್ನುವುದಕ್ಕೆ ಜಪಾನ್ ಸಾಕ್ಷಿ. 2010ರಲ್ಲಿ, ಎರಡೂ ದೇಶ ತಮ್ಮದೆನ್ನುವ ಸೆನ್ಕಾಕು ದ್ವೀಪಗಳ ಬಳಿ ಮೀನು ದೋಣಿಯ ಜಗಳವಾದಾಗ ಚೀನಾದಿಂದ ಅವರಿಗೆ ರೇರ್ ಅರ್ಥ್ ನಿಂತಿತ್ತು. ಮರುವರ್ಷವೇ ಅವರು ಆಸ್ಟ್ರೇಲಿಯಾದ ರೇರ್ ಅರ್ಥ್ ಕಂಪನಿ ಲೈನಾಸ್‌ಗೆ 25 ಕೋಟಿ ಡಾಲರ್ ನೆರವು ಒದಗಿಸಿದರು. ಲೈನಾಸ್‌ನ ಮಲೇಷ್ಯಾ ಘಟಕದಿಂದ ಡಿಸ್ಪ್ರೋಸಿಯಂ ಹೊರಬಂದದ್ದು 2025ರ ಮೇನಲ್ಲಿ. ಹದಿನಾಲ್ಕು ವರ್ಷ! ಇಷ್ಟು ತಾಳ್ಮೆ ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವವರಿಗೆ ಕಷ್ಟ.

ನಮ್ಮ ಸರ್ಕಾರ 2025ರ ನವೆಂಬರಿನಲ್ಲಿ ₹7,280 ಕೋಟಿಯ ಯೋಜನೆ ಒಪ್ಪಿದೆ, ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಸಾಮರ್ಥ್ಯಕ್ಕೆ. ಮೊತ್ತ ಕಡಿಮೆಯೇನಲ್ಲ. ಆದರೆ ನಮ್ಮ ಮಾನೊಜೈಟಿನಲ್ಲಿ ನಿಯೋಡಿಮಿಯಂ ಸಾಕಷ್ಟಿದ್ದರೂ ಡಿಸ್ಪ್ರೋಸಿಯಂ ತೀರಾ ಅಲ್ಪ. ಸುಟ್ಟ ಮ್ಯಾಗ್ನೆಟ್ಟಿನ ಮೈಗೆ ಮಾತ್ರ ಅದನ್ನು ಸವರಿ ಕಾಯಿಸಿ ಒಳಗೆ ಇಳಿಸುವ ವಿಧಾನದಲ್ಲಿ ಕಡಿಮೆ ಸಾಕಾಗುತ್ತದೆ, ಸೊನ್ನೆ ಆಗುವುದಿಲ್ಲ. ಇನ್ನೊಂದು ತೊಡಕು ಬೆಲೆಯದು. ಮೌಂಟನ್ ಪಾಸ್ ಗಣಿ ಮತ್ತೆ ತೆರೆದಿತ್ತು, ಬೆಲೆ ಕುಸಿದು 2015ರಲ್ಲಿ ಅದರ ಮಾಲೀಕ ಕಂಪನಿ ದಿವಾಳಿಯಾಯಿತು. ಅದಕ್ಕೇ ಈಗ ಅಲ್ಲಿನ ನಿಯೋಡಿಮಿಯಂ–ಪ್ರೇಸಿಯೋಡಿಮಿಯಂಗೆ ಪೆಂಟಗನ್ ಕಿಲೋಗೆ 110 ಡಾಲರ್ ತಳಬೆಲೆ ಕಟ್ಟಿದೆ. ನಮ್ಮ ಕಾರ್ಖಾನೆಗಳು ಎದ್ದು ನಿಂತ ಮೇಲೆ ಚೀನಾ ಪರವಾನಗಿ ಸಡಿಲಿಸಿ ಅರ್ಧ ಬೆಲೆಗೆ ಮ್ಯಾಗ್ನೆಟ್ ಕಳಿಸಿತು ಅನ್ನು. ಹೊಸೂರಿನ ಖರೀದಿ ಮ್ಯಾನೇಜರು ಯಾರಿಗೆ ಆರ್ಡರ್ ಕೊಡುತ್ತಾನೆ?

ನಿನ್ನ,
ಅಪ್ಪ